ಗೇಮ್‌ಗೆ ಟಿವಿ ಕೊಳ್ಳೋದಾದರೆ ಜಾಯ್‌ಸ್ಟಿಕ್ ಜೊತೆಗೇ ಅಂಗಡಿಗೆ ಹೋಗಿ

ಹೋದ ಬೇಸಿಗೆಯಲ್ಲಿ ಆಳಂದ ಕಡೆಯ ಹುಡುಗನೊಬ್ಬ ನನ್ನ ರಿಪೇರಿ ಅಂಗಡಿಗೆ ಬಂದ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಅವನ ಬ್ಯಾಗಿನಲ್ಲಿ ಟಿವಿಗೆ ಹಚ್ಚಿ ಆಡುವ ಗೇಮ್ ಮಷಿನ್ ಪ್ಲೇಸ್ಟೇಷನ್ 4, ಕೈಯಲ್ಲಿ ಅದರ ಜಾಯ್‌ಸ್ಟಿಕ್.

"ಮಾಮಾ, ಇದರ ಬಟನ್ ಲೇಟಾಗಿ ಕೆಲಸ ಮಾಡ್ತದ್ರಿ. ಬಾಲ್ ಹೋದ ಮ್ಯಾಲ ಬ್ಯಾಟ್ ಬೀಸ್ತದ" ಅಂದ.

ಜಾಯ್‌ಸ್ಟಿಕ್ ಬಿಚ್ಚಿದೆ. ಬಟನ್ ಕೆಳಗಿನ ರಬ್ಬರ್ ಚೆನ್ನಾಗಿತ್ತು, ಬ್ಯಾಟರಿಯೂ ಸರಿ ಇತ್ತು. ನನ್ನ ಟೇಬಲ್ ಮೇಲಿನ ಕಂಪ್ಯೂಟರ್ ಮಾನಿಟರ್‌ಗೆ ಮಷಿನ್ ಹಚ್ಚಿ ಆಡಿಸಿದೆ. ಬ್ಯಾಟ್ ಬೇಕಾದ ಹೊತ್ತಿಗೇ ಬೀಸಿತು. ಮನೆಯ ಟಿವಿ ಯಾವುದು ಅಂತ ಕೇಳಿದೆ. 43 ಇಂಚಿನ ಹೊಸದು, ತೊಗರಿ ಮಾರಿದ ದುಡ್ಡಿನಲ್ಲಿ ಅಪ್ಪ ಕೊಡಿಸಿದ್ದು ಅಂದ. "ಮನೆಗೆ ಹೋಗಿ ಪಿಕ್ಚರ್ ಸೆಟ್ಟಿಂಗ್‌ನಾಗ ಗೇಮ್ ಮೋಡ್ ಹುಡುಕು ತಮ್ಮಾ" ಎಂದು ಕಳಿಸಿದೆ. ಸಂಜೆ ಫೋನ್ ಮಾಡಿದ. ಆ ಟಿವಿಯಲ್ಲಿ ಗೇಮ್ ಮೋಡ್ ಇಲ್ಲವೇ ಇಲ್ಲ.

ಆವತ್ತು ನನಗೆ ಬಹಳ ಕೆಟ್ಟದ್ದೆನಿಸಿತು. ವರ್ಷದ ಬೆಳೆಯ ದುಡ್ಡು ಹಾಕಿ ತಂದ ಟಿವಿ. ಚಿತ್ರ ಚೆಂದ ಬರುತ್ತದೆ, ಆದರೆ ಹುಡುಗ ಬೇಡಿದ್ದು ಆಟಕ್ಕೆ. ಅಂಗಡಿಯಲ್ಲಿ ಹತ್ತು ನಿಮಿಷ ಪರೀಕ್ಷೆ ಮಾಡಿದ್ದರೆ ಇದು ಗೊತ್ತಾಗುತ್ತಿತ್ತು. ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ತಡ ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕು. ಹಳೇ ಡಬ್ಬಾ ಟಿವಿಯಲ್ಲಿ ಸಿಗ್ನಲ್ ಬಂದ ಹಾಗೆ ಸೀದಾ ಪಿಕ್ಚರ್ ಟ್ಯೂಬಿಗೆ ಹೋಗುತ್ತಿತ್ತು. ಹಾಗಾಗಿ ಕ್ಯಾಸೆಟ್ ಹಾಕಿ ಆಡುವ ಹಳೇ ಗೇಮ್‌ಗಳಲ್ಲಿ ಬಟನ್ ಒತ್ತಿದ ಕೂಡಲೇ ಆಟಗಾರ ಹಾರುತ್ತಿದ್ದ. ಈಗಿನ ಎಲ್‌ಇಡಿ ಟಿವಿ ಹಾಗಲ್ಲ. ಬಂದ ಚಿತ್ರವನ್ನು ಮೊದಲು ತನ್ನ ಬೋರ್ಡ್‌ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣ ಏರಿಸುತ್ತದೆ, ಚುಕ್ಕೆ ಒರೆಸುತ್ತದೆ, ಎರಡು ಚಿತ್ರಗಳ ನಡುವೆ ಹೊಸ ಚಿತ್ರ ತಾನೇ ಮಾಡಿ ಸೇರಿಸುತ್ತದೆ. ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವಾಗ ಇದರಿಂದ ತೊಂದರೆ ಇಲ್ಲ, ಶಬ್ದವನ್ನೂ ಅಷ್ಟೇ ತಡ ಮಾಡಿ ಟಿವಿ ಸರಿ ಹೊಂದಿಸುತ್ತದೆ. ಆದರೆ ಆಟ ಆಡುವವನ ಹೆಬ್ಬೆರಳನ್ನು ತಡ ಮಾಡೋಕೆ ಆಗಲ್ಲ, ಅಲ್ವಾ? ಇದಕ್ಕೇ ಇನ್‌ಪುಟ್ ಲ್ಯಾಗ್ ಅನ್ನುತ್ತಾರೆ.

60 ಹರ್ಟ್ಜ್ ಟಿವಿ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ. ಅಂದರೆ ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್ (ಸಾವಿರ ಮಿಲಿಸೆಕೆಂಡ್ ಸೇರಿದರೆ ಒಂದು ಸೆಕೆಂಡ್). ಲ್ಯಾಗ್ 20ರ ಒಳಗಿದ್ದರೆ ಒಳ್ಳೆಯ ಟಿವಿ. 30ರವರೆಗೂ ನಡೆಯುತ್ತದೆ. 50 ದಾಟಿದರೆ ಕೈಗೆ ಗೊತ್ತಾಗೋಕೆ ಶುರುವಾಗುತ್ತದೆ. ಗೇಮ್ ಮೋಡ್ ಇಲ್ಲದೆ ಓಡುವ ಎಷ್ಟೋ ಟಿವಿಗಳಲ್ಲಿ ಇದು 100ನ್ನೂ ದಾಟುತ್ತದೆ. ಗೇಮ್ ಮೋಡ್ ಅಂದರೆ ಆ ಒರೆಸೋ, ತಿದ್ದೋ ಕೆಲಸವನ್ನೆಲ್ಲ ನಿಲ್ಲಿಸಿ ಚಿತ್ರವನ್ನು ಬೇಗ ಬಿಡುವುದು. ಹಾಗಾಗಿ ಕಡಿಮೆ ಬೆಲೆಯ ಟಿವಿಯಲ್ಲಿ ನಾನು ಮೊದಲು ಹುಡುಕೋದು ಇದನ್ನೇ. ಬಾಕಿ ಎಲ್ಲಾ ಆಮೇಲೆ.

ಡಬ್ಬಿಯ ಮೇಲೆ ಲ್ಯಾಗ್ ಎಷ್ಟು ಅಂತ ಸಾಮಾನ್ಯವಾಗಿ ಬರೆದಿರಲ್ಲ. 'ರೆಸ್ಪಾನ್ಸ್ ಟೈಮ್ 8 ಮಿಲಿಸೆಕೆಂಡ್' ಅಂತ ಬರೆದಿರಬಹುದು. ಅದು ಬೇರೆ, ಪರದೆಯ ಚುಕ್ಕೆ ಬಣ್ಣ ಬದಲಿಸುವ ವೇಗ ಅಷ್ಟೇ. ಅದನ್ನು ನೋಡಿ ಮೋಸ ಹೋಗಬೇಡಿ. ನೀವೇ ಅಳೆಯಿರಿ. ಇದು ಕಷ್ಟದ ಕೆಲಸವೇನಲ್ಲ.

ನಿಮ್ಮ ಮಷಿನ್ ಮತ್ತು ಕೇಬಲ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ. ಪ್ಲೇಸ್ಟೇಷನ್ 4 ಸ್ಲಿಮ್ ಎರಡು ಕಿಲೋ ಚಿಲ್ಲರೆ ತೂಗುತ್ತದೆ, ಹೊರೆಯೇನಲ್ಲ. ದಸರಾ, ದೀಪಾವಳಿ ಗದ್ದಲದಲ್ಲಿ ಹೋಗಬೇಡಿ. ವಾರದ ನಡುವೆ ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಅವರಿಗೂ ಪುರುಸೊತ್ತು ಇರುತ್ತದೆ. "ನಮ್ಮ ಮಷಿನ್ ಹಚ್ಚಿ ಒಂದು ಸಲ ನೋಡ್ತೀವ್ರಿ, ಸರಿ ಇದ್ದರ ಇವತ್ತೇ ಒಯ್ತೀವಿ" ಅನ್ನಿ. ಇವತ್ತೇ ಒಯ್ತಾರೆ ಅಂದರೆ ಬಹಳ ಜನ ಬೇಡ ಅನ್ನಲ್ಲ. ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.

ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿ. ಈಗ ಫೋನಿನ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಆನ್ ಮಾಡಿ. ಬಹಳ ಫೋನ್‌ಗಳಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಸೌಲಭ್ಯ ಇದೆ. ಹೆಬ್ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಒಬ್ಬರು ಹಿಡಿಯಲಿ, ಇನ್ನೊಬ್ಬರು ಬಟನ್ ಒತ್ತಲಿ. ಐದಾರು ಸಲ ಒತ್ತಿ. ಆಮೇಲೆ ವಿಡಿಯೋವನ್ನು ನಿಧಾನ ಮುಂದಕ್ಕೆ ಸರಿಸುತ್ತಾ, ಬೆರಳು ಬಟನ್ ಒತ್ತಿದ ಚಿತ್ರದಿಂದ ಆಟಗಾರ ಅಲುಗಿದ ಚಿತ್ರದವರೆಗೆ ಎಣಿಸಿ. 240ರಲ್ಲಿ ಒಂದೊಂದು ಚಿತ್ರ ಸುಮಾರು 4 ಮಿಲಿಸೆಕೆಂಡ್. ಗೇಮ್‌ನ ಒಳಗೂ ಸ್ವಲ್ಪ ತಡ ಇರುತ್ತದೆ, ಅದೂ ಈ ಲೆಕ್ಕದಲ್ಲಿ ಸೇರುತ್ತದೆ. ಅದಕ್ಕೇ ಒಂದೇ ಟಿವಿಯ ಲೆಕ್ಕ ನೋಡಿ ತೀರ್ಮಾನ ಮಾಡಬೇಡಿ. ಅದೇ ಗೇಮ್, ಅದೇ ಹೊಡೆತ, ಪಕ್ಕದ ಟಿವಿಯಲ್ಲೂ ಎಣಿಸಿ. ಒಂದರಲ್ಲಿ 25 ಚಿತ್ರ, ಇನ್ನೊಂದರಲ್ಲಿ 40 ಬಂದರೆ ವ್ಯತ್ಯಾಸ 60 ಮಿಲಿಸೆಕೆಂಡ್. ಕಡಿಮೆ ಬಂದದ್ದು ನಿಮ್ಮ ಟಿವಿ, ಅದರ ಬಣ್ಣ ಸ್ವಲ್ಪ ಮಂಕಿದ್ದರೂ ಸರಿ. ಅಂಗಡಿಯ ಬಣ್ಣ ಹೇಗಿದ್ದರೂ ಅಂಗಡಿಗೆ ಅಂತಲೇ ಏರಿಸಿದ್ದು.

ಇನ್ನು ಹೈ ಡೆಫಿನಿಷನ್ ವಿಷಯ. 'ಎಚ್‌ಡಿ ರೆಡಿ' ಅಂತ ಬರೆದ 32 ಇಂಚಿನ ಟಿವಿಗಳ ಪ್ಯಾನೆಲ್, ಅಂದರೆ ಪರದೆ, ಹೆಚ್ಚಾಗಿ 1366x768 ಇರುತ್ತದೆ, ಅಂದರೆ ಹತ್ತು ಲಕ್ಷ ಚುಕ್ಕೆ. ಫುಲ್ ಎಚ್‌ಡಿ 1920x1080, ಇಪ್ಪತ್ತು ಲಕ್ಷದ ಮೇಲೆ. ಅಂದರೆ ಎಚ್‌ಡಿ ರೆಡಿಯಲ್ಲಿ ಚುಕ್ಕೆಗಳು ಅರ್ಧಕ್ಕರ್ಧ ಕಡಿಮೆ. ಪ್ಲೇಸ್ಟೇಷನ್ 4 ಕಳಿಸುವುದು 1080. ಡಾಕ್‌ನಲ್ಲಿಟ್ಟ (ಟಿವಿಗೆ ಜೋಡಿಸುವ ಸ್ಟ್ಯಾಂಡಿನಲ್ಲಿಟ್ಟ) ನಿಂಟೆಂಡೊ ಸ್ವಿಚ್ ಕೂಡ ಹೆಚ್ಚೆಂದರೆ ಅಷ್ಟೇ. ಎಚ್‌ಡಿ ರೆಡಿ ಟಿವಿ ಅದನ್ನು ತನ್ನ ಪ್ಯಾನೆಲ್‌ಗೆ ತಕ್ಕಂತೆ ಕುಗ್ಗಿಸುತ್ತದೆ. ಆಗ ಸ್ಕೋರ್ ಬೋರ್ಡಿನ ಸಣ್ಣ ಅಕ್ಷರ, ಮೂಲೆಯ ನಕ್ಷೆ ಎಲ್ಲಾ ಕಲಸಿದ ಹಾಗೆ ಕಾಣುತ್ತದೆ. ಡಬ್ಬಿಯ ಮೇಲೆ 'ಫುಲ್ ಎಚ್‌ಡಿ ಸಪೋರ್ಟ್' ಅಂತ ಬರೆದಿದ್ದರೆ ಆ ಸಿಗ್ನಲ್ ತಗೊಳ್ಳುತ್ತದೆ ಅಂತ ಅರ್ಥ, ಪ್ಯಾನೆಲ್ ಅಷ್ಟಿದೆ ಅಂತಲ್ಲ. 'ರೆಸಲ್ಯೂಷನ್' ಅನ್ನುವ ಸಾಲಿನಲ್ಲಿ 1920x1080 ಅಂತ ಸ್ಪಷ್ಟವಾಗಿ ಇರಬೇಕು.

ಪ್ಲೇಸ್ಟೇಷನ್ 4 ಅಥವಾ ಹಳೇ ಎಕ್ಸ್‌ಬಾಕ್ಸ್ ಇದ್ದವರಿಗೆ ಫುಲ್ ಎಚ್‌ಡಿ ಸಾಕು. 32 ಇಂಚಿನಲ್ಲಿ ನಿಜವಾದ ಫುಲ್ ಎಚ್‌ಡಿ ಹುಡುಕಬೇಕಾಗುತ್ತದೆ, ಆದರೆ ಸಿಗುತ್ತದೆ. 43 ಇಂಚಿಗೆ ಬಂದರೆ ಈಗ 4ಕೆ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆಯ ಟಿವಿಗಳೇ ಜಾಸ್ತಿ. ಪ್ಲೇಸ್ಟೇಷನ್ 5 ಇದ್ದರೆ ಅಥವಾ ಮುಂದೆ ಕೊಳ್ಳುವ ಯೋಚನೆ ಇದ್ದರೆ 4ಕೆ ತಗೊಳ್ಳಿ. ಮೊದಲು 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೂ ಶೇ 18. ಹಾಗಾಗಿ ತೆರಿಗೆ ಉಳಿಸೋಕೆ ಅಂತ ಸಣ್ಣದು ಕೊಳ್ಳುವ ಕಾರಣ ಈಗ ಇಲ್ಲ. ಕೋಣೆಯನ್ನು ನೋಡಿ ತೀರ್ಮಾನ ಮಾಡಿ. ನಾಲ್ಕು ಅಡಿ ದೂರ ಕೂತು ಆಡುವವರಿಗೆ 32 ಇಂಚು ಸಾಕು, ಐದಾರು ಅಡಿ ಇದ್ದರೆ 43. ಅದಕ್ಕಿಂತ ದೊಡ್ಡದಕ್ಕೆ ಹಾಕುವ ದುಡ್ಡನ್ನು ಗೇಮ್ ಮೋಡ್ ಚೆನ್ನಾಗಿರುವ ಟಿವಿಗೆ ಹಾಕಿ.

120 ಹರ್ಟ್ಜ್, ಎಚ್‌ಡಿಎಂಐ 2.1 (ಮಷಿನ್‌ನ ಕೇಬಲ್ ಚುಚ್ಚುವ ಪೋರ್ಟ್‌ನ ಹೊಸ ಬಗೆ) ಇವೆಲ್ಲ ಒಳ್ಳೆಯವೇ. ಆದರೆ ಕಡಿಮೆ ಬೆಲೆಯ ಟಿವಿಗಳ ಪ್ಯಾನೆಲ್ ಸಾಮಾನ್ಯವಾಗಿ 60 ಹರ್ಟ್ಜ್. '120 ಮೋಷನ್', ಎಂಇಎಂಸಿ ಅಂತೆಲ್ಲ ಬರೆದಿರುವುದು ನಡುವೆ ಚಿತ್ರ ಸೇರಿಸುವ ಕೆಲಸ, ಅದು ಲ್ಯಾಗ್ ಏರಿಸುತ್ತದೆ. ಎಚ್‌ಡಿಆರ್ (ಬೆಳಕು ನೆರಳನ್ನು ಹೆಚ್ಚು ಎದ್ದು ಕಾಣಿಸುವ ಸೌಲಭ್ಯ) ನೋಡಿಯೂ ಮರುಳಾಗಬೇಡಿ. ಬೆಳಕು ಕಡಿಮೆ ಇರುವ ಪ್ಯಾನೆಲ್‌ನಲ್ಲಿ ಅದರಿಂದ ಲಾಭ ಕಾಣಲ್ಲ. ಎಎಲ್‌ಎಲ್‌ಎಂ ಅನ್ನುವುದು ಇದ್ದರೆ ಮಾತ್ರ ಖುಷಿಯಿಂದ ತಗೊಳ್ಳಿ. ಪ್ಲೇಸ್ಟೇಷನ್ 5, ಹೊಸ ಎಕ್ಸ್‌ಬಾಕ್ಸ್ ಆನ್ ಆದ ಕೂಡಲೇ ಟಿವಿ ತಾನೇ ಗೇಮ್ ಮೋಡ್‌ಗೆ ಹೋಗುತ್ತದೆ. ಟಿವಿಯ ಒಳಗೇ ಗೇಮ್ ಇಳಿಸಿಕೊಂಡು ಆಡುತ್ತೇನೆ ಅಂತ ಮಾತ್ರ ಕೊಳ್ಳಬೇಡಿ. ಅಗ್ಗದ ಸ್ಮಾರ್ಟ್ ಟಿವಿಗಳ ಮೆಮೊರಿ ಕಡಿಮೆ, ದೊಡ್ಡ ಗೇಮ್ ಓಡಲ್ಲ.

ನಮ್ಮ ಕಡೆಯ ಮನೆಗೆ ಸಂಬಂಧಿಸಿದ ಒಂದು ಮಾತು. ಇಲ್ಲಿ ಎಷ್ಟೋ ಮನೆಗಳಲ್ಲಿ ಶಹಾಬಾದಿ ಪರಸಿ ಹಾಸಿದ ಪಡಸಾಲೆಯಲ್ಲಿ ಚಾಪೆ ಹಾಕಿ ಕೆಳಗೆ ಕೂತೇ ಟಿವಿ ನೋಡುತ್ತೇವೆ. ಟಿವಿ ಮಾತ್ರ ಗೋಡೆಯ ಮೇಲೆ ಎತ್ತರಕ್ಕೆ ಇರುತ್ತದೆ. ಪ್ಯಾನೆಲ್‌ನಲ್ಲಿ ವಿಎ, ಐಪಿಎಸ್ ಅಂತ ಎರಡು ಬಗೆ. ವಿಎ ಪ್ಯಾನೆಲ್ ಎದುರಿನಿಂದ ನೋಡಿದರೆ ಕಪ್ಪು ಬಣ್ಣ ಗಾಢವಾಗಿ ಚೆಂದ ಕಾಣುತ್ತದೆ. ಕೆಳಗಿನಿಂದ, ಪಕ್ಕದಿಂದ ನೋಡಿದರೆ ಬಿಳಿಚಿಕೊಳ್ಳುತ್ತದೆ. ಐಪಿಎಸ್ ಪ್ಯಾನೆಲ್‌ನ ಕಪ್ಪು ಅಷ್ಟು ಗಾಢವಲ್ಲ, ಆದರೆ ಎಲ್ಲಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗಲ್ಲ. ಅಣ್ಣ ತಮ್ಮ ಇಬ್ಬರೂ ಅಕ್ಕಪಕ್ಕ ಕೂತು ಆಡುವ ಮನೆಗೆ ನಾನು ಐಪಿಎಸ್ ಅನ್ನುತ್ತೇನೆ. ಹೆಸರು ಬರೆದಿರದಿದ್ದರೆ ಅಂಗಡಿಯಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ. ಯಾರೂ ಏನೂ ಅಂದುಕೊಳ್ಳಲ್ಲ.

ಎಚ್‌ಡಿಎಂಐ ಪೋರ್ಟ್ ಕನಿಷ್ಠ ಎರಡು ಇರಲಿ. ಒಂದು ಸೆಟ್‌ಟಾಪ್ ಬಾಕ್ಸ್‌ಗೆ ಹೋಗುತ್ತದೆ. 4ಕೆ ಚಿತ್ರ 60 ಹರ್ಟ್ಜ್‌ನಲ್ಲಿ ಬರಬೇಕಾದರೆ ಪೋರ್ಟ್ 2.0 ಇರಬೇಕು, 1.4 ಆದರೆ 30ಕ್ಕೇ ನಿಲ್ಲುತ್ತದೆ. ಕೆಲವು ಟಿವಿಗಳಲ್ಲಿ ಒಂದೇ ಪೋರ್ಟ್ 2.0 ಇರುತ್ತದೆ, ಯಾವುದು ಅಂತ ಕೇಳಿ. ದುಬಾರಿ ಕೇಬಲ್ ಬೇಡ, ಮಷಿನ್ ಜೊತೆ ಬಂದದ್ದೇ ಸಾಕು.

ಸೆಕೆಂಡ್ ಹ್ಯಾಂಡ್ ಟಿವಿ ಬೇಡ ಅನ್ನಲ್ಲ, ಆದರೆ ಅರ್ಧ ಗಂಟೆ ಓಡಿಸಿ ನೋಡಿ. ಬಿಳಿ, ಕಪ್ಪು, ಕೆಂಪು ಬಣ್ಣದ ಖಾಲಿ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಪೂರ್ತಿ ಪರದೆಗೆ ಹಾಕಿ. ಬಿಳಿಯಲ್ಲಿ ಮಸುಕಾದ ಪಟ್ಟಿ ಅಥವಾ ಹೊಳೆಯುವ ದುಂಡು ಕಲೆ ಕಂಡರೆ ಬ್ಯಾಕ್‌ಲೈಟ್ ಹೋಗುತ್ತಿದೆ ಅಂತ ಅರ್ಥ. ಅದನ್ನು ರಿಪೇರಿ ಮಾಡಬಹುದು, ಬೆಲೆ ಇಳಿಸಿ ಕೇಳಿ. ಮೇಲಿನಿಂದ ಕೆಳಗೆ ಗೆರೆ ಕಂಡರೆ ಬಿಟ್ಟು ಬನ್ನಿ. ಅದು ಪ್ಯಾನೆಲ್ ದೋಷ. ಪ್ಯಾನೆಲ್ ಬದಲಿಸುವ ಖರ್ಚು ಹೊಸ ಟಿವಿಯ ಹತ್ತಿರ ಹೋಗುತ್ತದೆ.

ಟಿವಿ ಮನೆಗೆ ಬಂದ ಮೇಲೆ ಮಾಡಬೇಕಾದದ್ದು ಸ್ವಲ್ಪವೇ. ಮಷಿನ್ ಹಚ್ಚಿದ ಪೋರ್ಟ್‌ಗೆ ಗೇಮ್ ಮೋಡ್ ಹಾಕಿ. ಸ್ಕೋರ್ ಬೋರ್ಡಿನ ಅಂಚು ಕತ್ತರಿಸಿದಂತೆ ಕಂಡರೆ ಪಿಕ್ಚರ್ ಸೈಜ್‌ನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಅನ್ನುವುದು ಇರುತ್ತದೆ, ಅದನ್ನು ಆರಿಸಿ. 4ಕೆ ಟಿವಿಯಾದರೆ ಆ ಪೋರ್ಟ್ ಪೂರ್ತಿ ವೇಗಕ್ಕೆ ತೆರೆದಿದೆಯಾ ಅಂತ ಎಚ್‌ಡಿಎಂಐ ಸೆಟ್ಟಿಂಗ್‌ನಲ್ಲಿ ನೋಡಿ. ಬಹಳ ಟಿವಿಗಳಲ್ಲಿ ಅದನ್ನು ನಾವೇ ಆನ್ ಮಾಡಬೇಕು. ಕೇಬಲ್ ಚುಚ್ಚುವಾಗ, ಕೀಳುವಾಗ ಟಿವಿ ಮತ್ತು ಮಷಿನ್ ಎರಡರ ಸ್ವಿಚ್ಚೂ ಆಫ್ ಇರಲಿ. ಅರ್ಥಿಂಗ್ ಸರಿ ಇಲ್ಲದ ಮನೆಗಳಿಂದ ಸುಟ್ಟ ಎಚ್‌ಡಿಎಂಐ ಪೋರ್ಟ್ ನನ್ನ ಟೇಬಲ್‌ಗೆ ಬರುತ್ತಲೇ ಇರುತ್ತವೆ. ಕರೆಂಟ್ ಹೋದಾಗ ಪ್ಲಗ್ ಕಿತ್ತಿಡಿ. ಮರಳಿ ಬರುವಾಗಿನ ಹೊಡೆತವೇ ಜಾಸ್ತಿ ಸುಡುವುದು.

ಕೊನೆಗೆ ಬ್ಯಾಕ್‌ಲೈಟ್. ಅಂಗಡಿಯಿಂದ ಬಂದಾಗ ಅದು 100ರಲ್ಲಿ ಇರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಕೋಣೆಯಲ್ಲಿ ಇನ್ನೂ ಜಾಸ್ತಿ. ಆ ಸೆಕೆಯಲ್ಲಿ ಪೂರ್ತಿ ಬೆಳಕಿನಲ್ಲಿ ಓಡಿದ ಎಲ್‌ಇಡಿ ಪಟ್ಟಿಗಳೇ ಮೊದಲು ಸುಟ್ಟು ಹೋಗುವುದು. 60ಕ್ಕೆ ಇಳಿಸಿ, ಗೋಡೆಗೂ ಟಿವಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಆಳಂದದ ಆ ಹುಡುಗನ ಟಿವಿಗೂ ನಾನು ಇದನ್ನೇ ಮಾಡಿದೆ. ಜೊತೆಗೆ ಚಿತ್ರ ತಿದ್ದುವ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಆಫ್ ಮಾಡಿಸಿದೆ. ತಡ ಪೂರ್ತಿ ಹೋಗಲಿಲ್ಲ, ಅರ್ಧದಷ್ಟು ಇಳಿಯಿತು. ಈಗ ಸ್ಪಿನ್ ಬೌಲರ್‌ಗೆ ಆಡೋಕೆ ಬರುತ್ತದಂತೆ, ಫಾಸ್ಟ್ ಬೌಲರ್‌ಗೆ ಇನ್ನೂ ಕಷ್ಟವಂತೆ.