ಅಪ್ಪ ಅಮ್ಮನಿಗೆ ಒಂದು ದಿನದಲ್ಲಿ ಬೆಂಗಳೂರು ತೋರಿಸುವುದು ಹೇಗೆ?

ಊರಿಂದ ಅಪ್ಪ ಅಮ್ಮ ಬಂದರೆ ಅವರ ಹೆಚ್ಚಿನ ದಿನಗಳು ಮನೆಯೊಳಗೇ ಕಳೆದುಹೋಗುತ್ತವೆ. ಮಕ್ಕಳು ಕೆಲಸಕ್ಕೆ ಹೋಗುತ್ತಾರೆ. ಇವರು ಟೀವಿ ನೋಡುತ್ತಾ, ಬಾಲ್ಕನಿಯಲ್ಲಿ ನಿಂತು ರಸ್ತೆ ನೋಡುತ್ತಾ ಇರುತ್ತಾರೆ. ಕೊನೆಗೆ ಒಂದು ಭಾನುವಾರ ಬಿಡುವು ಸಿಕ್ಕಾಗ ಆರೇಳು ಜಾಗ ತೋರಿಸಿಬಿಡುವ ಹುಮ್ಮಸ್ಸು ನಮಗೆ. ಸಂಜೆ ಹೊತ್ತಿಗೆ ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ತಲೆನೋವು. ಅರವತ್ತು ದಾಟಿದವರನ್ನು ಕರೆದುಕೊಂಡು ಹೊರಡುವಾಗ ಕೂರಲು ಎಲ್ಲೆಲ್ಲಿ, ಎಷ್ಟು ಹೊತ್ತು ಸಿಗುತ್ತದೆ ಎಂದು ಮೊದಲು ನೋಡಿ. ಜಾಗಗಳನ್ನು ಆಮೇಲೆ ಸೇರಿಸಿಕೊಳ್ಳಿ. ಬೆಳಿಗ್ಗೆ ಎರಡು, ಮಧ್ಯಾಹ್ನ ವಿಶ್ರಾಂತಿ, ಸಂಜೆ ಒಂದು. ಇಷ್ಟು ಸಾಕು.

ಮೊದಲು ಅವರನ್ನು ಕೇಳಿ

"ಏನು ನೋಡ್ಬೇಕು ಅಂತಿದೆ?" ಎಂದು ಕೇಳಿದರೆ "ನಂಗೇನಪ್ಪಾ, ನೀನು ಎಲ್ಲಿಗೆ ಕರ್ಕೊಂಡು ಹೋದ್ರೂ ಸರಿ" ಎಂಬ ಉತ್ತರವೇ ಬರುತ್ತದೆ. ಅದನ್ನೇ ನಂಬಿ ಬಿಡಬೇಡಿ. ಬೇರೆ ರೀತಿ ಕೇಳಿ. ಬೆಂಗಳೂರು ಅಂದರೆ ಚಿಕ್ಕಂದಿನಲ್ಲಿ ಏನು ಕೇಳಿದ್ದೆ ಅಮ್ಮ? ಶಾಲೆಯ ಪುಸ್ತಕದಲ್ಲಿ ಯಾವ ಚಿತ್ರ ಇತ್ತು ಅಪ್ಪ? ಆಗ ಲಾಲ್‌ಬಾಗ್, ವಿಧಾನಸೌಧ, ಬಸವನಗುಡಿ ಎಂದು ಹೆಸರುಗಳು ಬರುತ್ತವೆ. ಐವತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡ ಜಾಗ ಅದು. ನಮ್ಮ ಪಟ್ಟಿಯಲ್ಲಿರುವ ಹೊಸ ಮಾಲ್‌ಗಿಂತ ಅದಕ್ಕೇ ಮೊದಲ ಸ್ಥಾನ ಸಿಗಬೇಕು ಅಲ್ವಾ? ಮಾಲ್‌ಗೆ ಇನ್ನೊಂದು ದಿನ ಹೋದರಾಯಿತು.

ಈ ಮೂರೂ ಜಾಗಗಳಿಗೆ ಮೆಟ್ರೊ ಹತ್ತಿರ. ಹಸಿರು ಮಾರ್ಗದಲ್ಲಿ ಹೋಗಿ, ಮೆಜೆಸ್ಟಿಕ್‌ನಲ್ಲಿ ಒಮ್ಮೆ ಇಳಿದು, ನೇರಳೆ ಮಾರ್ಗ ಹಿಡಿದರೆ ದಿನ ಮುಗಿಯುತ್ತದೆ. ಟ್ರಾಫಿಕ್‌ನಲ್ಲಿ ಕಾರಿನೊಳಗೆ ಕೂತು ಬಸವಳಿಯುವುದು ತಪ್ಪುತ್ತದೆ.

ಹಿಂದಿನ ರಾತ್ರಿ

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಹೊತ್ತಿಗೆ ತಕ್ಕಂತೆ ಬೇರೆ ಬೇರೆ ಪೊಟ್ಟಣ ಮಾಡಿ ನಿಮ್ಮ ಚೀಲದಲ್ಲೇ ಇಡಿ. ನೀರು, ಒಂದು ಟವೆಲ್, ಬಿಸ್ಕತ್ತು, ಕೊಡೆ ಇರಲಿ. ಇಬ್ಬರ ಜೇಬಿಗೂ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಹಾಕಿ. ಮೊಬೈಲ್ ಚಾರ್ಜ್ ಮುಗಿದರೆ ಆ ಚೀಟಿಯೇ ಗತಿ. ಹೊಸ ಚಪ್ಪಲಿ ಹಾಕಿಕೊಂಡು ಬರಲು ಬಿಡಬೇಡಿ. ಪೇಟೆ ಸುತ್ತಲು ಹೋಗುತ್ತೇವೆ ಅಂತ ಅಮ್ಮ ಹೊಸ ಜೋಡಿಯನ್ನೇ ತೆಗೆದಿಟ್ಟಿರುತ್ತಾರೆ, ನೋಡಿಕೊಳ್ಳಿ.

ಮೆಟ್ರೊ ಹತ್ತಿಸುವುದು

ನಮಗೆ ದಿನವೂ ಅಭ್ಯಾಸ. ಅವರಿಗೆ ಬ್ಯಾಗ್ ತಪಾಸಣೆ, ತಾನಾಗಿ ತೆರೆದು ಮುಚ್ಚುವ ಗೇಟು, ಓಡುವ ಮೆಟ್ಟಿಲು ಎಲ್ಲವೂ ಹೊಸದು. ಹಿಂದೆ ಜನ ಸಾಲು ನಿಂತಾಗ ಗಾಬರಿಯಾಗುತ್ತದೆ. ಹಾಗಾಗಿ ಇಬ್ಬರಿಗೂ ಒಂದೊಂದು ಟೋಕನ್ ತೆಗೆದು ಕೈಗೆ ಕೊಡಿ. ಒಳಗೆ ಹೋಗುವಾಗ ಮುಟ್ಟಿಸಬೇಕು, ಹೊರಗೆ ಬರುವಾಗ ಸೀಳಿನೊಳಗೆ ಹಾಕಬೇಕು ಎಂದು ಮೊದಲೇ ತೋರಿಸಿ. ಗೇಟಿನಲ್ಲಿ ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ಹೋಗಿ. ನೀವೇ ಮೊದಲು ದಾಟಿಬಿಟ್ಟರೆ ಅವರು ಆಚೆ ಕಡೆ ಉಳಿಯುತ್ತಾರೆ.

ಸೀರೆ ಉಟ್ಟವರಿಗೆ ಎಸ್ಕಲೇಟರ್ ಬೇಡ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಸ್ವಲ್ಪ ಸುತ್ತಾದರೂ ಅದನ್ನೇ ಹುಡುಕಿ. ಶೌಚಾಲಯ ಎಲ್ಲಿದೆ ಎಂದು ಇಳಿದ ಕೂಡಲೇ ತೋರಿಸಿ, ಅವರು ಕೇಳುವವರೆಗೆ ಕಾಯಬೇಡಿ. ಕೇಳಲು ಸಂಕೋಚ, ಅದಕ್ಕೆ ಬೆಳಿಗ್ಗೆಯಿಂದ ನೀರನ್ನೇ ಕುಡಿಯದ ಅಮ್ಮಂದಿರು ಎಷ್ಟೋ ಜನ. ಇಡೀ ದಿನದಲ್ಲಿ ನೀವು ಗಮನಿಸಲೇಬೇಕಾದ ಸಂಗತಿ ಇದು.

ಭಾನುವಾರ ಬೇರೆ ದಿನಗಳಿಗಿಂತ ತಡವಾಗಿ ಮೆಟ್ರೊ ಶುರುವಾಗುತ್ತದೆ, ಸಮಯ ನೋಡಿಕೊಂಡು ಹೊರಡಿ. ಬಸ್ಸಿನಲ್ಲಿ ಹೋಗುವುದಾದರೆ ಅಮ್ಮನ ಆಧಾರ್ ಕಾರ್ಡ್ ಜೊತೆಗಿರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಿಎಂಟಿಸಿ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ.

ಬೆಳಿಗ್ಗೆ: ಲಾಲ್‌ಬಾಗ್

ಬಿಸಿಲೇರುವ ಮುಂಚೆ ಇಲ್ಲಿರಬೇಕು. ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮದ ಗೇಟ್ ಪಕ್ಕದಲ್ಲೇ ಇದೆ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ ಇದು, ಈಗ 240 ಎಕರೆ. ಎಲ್ಲವನ್ನೂ ನಡೆದು ನೋಡುವುದು ಯಾರಿಂದಲೂ ಆಗದು, ಬೇಕಾಗಿಯೂ ಇಲ್ಲ. ನಡೆಯಲು ಕಷ್ಟ ಇರುವವರಿಗೆ ಬ್ಯಾಟರಿ ಗಾಡಿ ಸಿಗುತ್ತದೆ.

ಇಲ್ಲಿ ಅವಸರ ಮಾಡಬೇಡಿ. ತೋಟ, ಗದ್ದೆ ಮಾಡಿದವರಿಗೆ ಲಾಲ್‌ಬಾಗ್ ಕಾಣುವುದೇ ಬೇರೆ. ನಮಗೆ ಬರೀ ಹಸಿರು ಕಂಡ ಕಡೆ ಅವರು ಮರದ ಹೆಸರು ಹೇಳುತ್ತಾರೆ. ತೊಗಟೆ ಮುಟ್ಟಿ ನೋಡುತ್ತಾರೆ. ಬೇರುಗಳು ಗೋಡೆಯಂತೆ ಎದ್ದ ದೊಡ್ಡ ಬೂರುಗದ ಮರದ ಮುಂದೆ ನಿಂತರೆ ಅಪ್ಪನ ಹತ್ತಿರ ಹೇಳಲು ಬೇಕಾದಷ್ಟಿರುತ್ತದೆ. ಫೋನ್ ಒಳಗಿಟ್ಟು ಕೇಳಿ. ಹೊರಗೆ ಕರೆದುಕೊಂಡು ಬಂದವರು ನಾವಾದರೂ, ತಿಳಿದವರು ಅವರೇ ಆಗುವ ಜಾಗ ಇದು. ಅದಕ್ಕೇ ದಿನವನ್ನು ಇಲ್ಲಿಂದ ಶುರು ಮಾಡಿ ಎನ್ನುವುದು.

ಆಮೇಲೆ ಗಾಜಿನ ಮನೆ. 1889ರಲ್ಲಿ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಅಲ್ಲಿಂದ ಮುಂದೆ ಹೋದರೆ ಬಂಡೆ, ಮೇಲೆ ಕೆಂಪೇಗೌಡರ ಗೋಪುರ. ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮಂಡಿ ನೋವಿದ್ದರೆ ಕೆಳಗಿನಿಂದಲೇ ನೋಡಲಿ. ಹತ್ತುವಾಗಿನದಕ್ಕಿಂತ ಇಳಿಯುವಾಗ ಕಷ್ಟ ಜಾಸ್ತಿ, ಮಳೆ ಬಂದಿದ್ದರಂತೂ ಜಾರುತ್ತದೆ.

ಜನವರಿ, ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. ನೋಡುವ ಆಸೆಯಿದ್ದರೆ ವಾರದ ನಡುವೆ ಒಂದು ದಿನ ರಜೆ ಹಾಕಿ ಹೋಗಿ. ಆಗಿನ ಭಾನುವಾರದ ನೂಕುನುಗ್ಗಲು ವಯಸ್ಸಾದವರಿಗೆ ಬೇಡವೇ ಬೇಡ.

ತಿಂಡಿ

ಮುಖ್ಯ ಗೇಟಿನಿಂದ ಹೊರಬಂದರೆ ಎಂಟಿಆರ್ ಹತ್ತಿರ. 1924ರಿಂದ ಇರುವ ಹೋಟೆಲ್ಲು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಮಾಡಿದ್ದು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ರಜಾ ದಿನ ಕಾಯಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರನ್ನು ಹಸಿದ ಹೊಟ್ಟೆಯಲ್ಲಿ ಕಾಯಿಸಬೇಡಿ, ಮನೆಯಿಂದಲೇ ಏನಾದರೂ ತಿಂದು ಹೊರಡಲಿ. ಸೋಮವಾರ ಇಲ್ಲಿ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗುವ ಯೋಚನೆ ಇದ್ದರೆ ಅಲ್ಲಿ ಶುಕ್ರವಾರ ರಜೆ.

ಬಿಲ್ಲು ಅವರ ಕೈಗೆ ಹೋಗದಂತೆ ನೋಡಿಕೊಳ್ಳಿ. ಬೆಲೆ ಕಂಡರೆ ಮುಂದಿನ ಹೋಟೆಲಿನಲ್ಲಿ "ಹಸಿವಿಲ್ಲ" ಎಂದುಬಿಡುತ್ತಾರೆ. ಆದರೆ ಎಲ್ಲದಕ್ಕೂ ನೀವೇ ಕೊಡುತ್ತಾ ಹೋಗಬೇಡಿ. ಹೂವು, ಕಡಲೆಕಾಯಿ, ಆಟೋ, ಇಂಥದ್ದಕ್ಕೆ ಅಪ್ಪ ಜೇಬಿಗೆ ಕೈ ಹಾಕಿದರೆ ಸುಮ್ನೆ ಬಿಡಿ. ಮಕ್ಕಳಿಗೆ ಖರ್ಚು ಮಾಡಿದ ಸಮಾಧಾನ ಅವರಿಗೂ ಬೇಕು.

ಬಸವನಗುಡಿ

ಆಟೋದಲ್ಲಿ ಸ್ವಲ್ಪ ದೂರ. ಮಧ್ಯಾಹ್ನ ದೇವಸ್ಥಾನ ಮುಚ್ಚುವುದರಿಂದ ಬೆಳಿಗ್ಗೆಯೇ ಹೋಗಬೇಕು. ಮೊದಲು ಕೆಳಗಿನ ದೊಡ್ಡ ಗಣಪತಿ. ಬೆಣ್ಣೆ ಅಲಂಕಾರ ಇದ್ದ ದಿನವಾದರೆ ಅದೃಷ್ಟ. ಆಮೇಲೆ ನಿಧಾನಕ್ಕೆ ಮೇಲೆ ಹತ್ತಿ ದೊಡ್ಡ ಬಸವಣ್ಣ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ, ಒಂದೇ ಕಲ್ಲು. ಸುತ್ತಲಿನ ಹೊಲಗಳ ಕಡಲೆಕಾಯಿ ತಿಂದುಹೋಗುತ್ತಿದ್ದ ಬಸವನ ಕತೆ ಅಮ್ಮನಿಗೆ ಗೊತ್ತಿರಬಹುದು, ಕೇಳಿ ನೋಡಿ. ಕಾರ್ತಿಕದ ಕೊನೆಯ ಸೋಮವಾರ ಇಲ್ಲೇ ಕಡಲೆಕಾಯಿ ಪರಿಷೆ ನಡೆಯುತ್ತದೆ.

ಬಿಸಿಲು ಏರಿದ್ದರೆ ಬರಿಗಾಲಿಗೆ ಕಲ್ಲು ಸುಡುತ್ತದೆ. ಅಮ್ಮನಿಗೆ ಒಂದು ಜೊತೆ ಕಾಲುಚೀಲ ಇಟ್ಟುಕೊಂಡಿದ್ದರೆ ಅನುಕೂಲ.

ಮಧ್ಯಾಹ್ನ ಕೂರಿಸಿ

ಮನೆ ಹತ್ತಿರವಿದ್ದರೆ ಹೋಗಿ ಊಟ ಮಾಡಿ ಮಲಗಿ ಬನ್ನಿ. ದೂರವಾದರೆ ಊಟದ ನಂತರ ನೆಹರು ತಾರಾಲಯಕ್ಕೆ ಕರೆದುಕೊಂಡು ಹೋಗಿ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬೇಕು. ಕನ್ನಡದ ಪ್ರದರ್ಶನ ಎಷ್ಟು ಹೊತ್ತಿಗೆ ಎಂದು ಮೊದಲೇ ನೋಡಿಕೊಳ್ಳಿ. ಸೋಮವಾರ ರಜೆ.

ತಂಪಾದ ಕತ್ತಲಲ್ಲಿ ಒರಗಿ ಕೂರುವುದು, ತಲೆಯ ಮೇಲೆ ಆಕಾಶ. ಕಣ್ಣು ಎಳೆದರೆ ಒಂದು ಜೊಂಪು ನಿದ್ದೆಯೂ ಆಗಲಿ. ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಲೆಕ್ಕ ಹಾಕಿ ಬಿತ್ತಿದವರಿಗೆ ಆ ನಕ್ಷತ್ರಗಳ ವಿಷಯ ಹತ್ತಿರದ್ದು.

ಈ ಹೊತ್ತಿಗೆ ದಣಿವಿನ ಲಕ್ಷಣ ಗಮನಿಸಿ. "ಕಾಲು ನೋಯ್ತಿದ್ಯಾ?" ಅಂದರೆ "ಇಲ್ಲ" ಎಂದೇ ಹೇಳುತ್ತಾರೆ. ಹೆಜ್ಜೆ ಸಣ್ಣದಾಗುತ್ತದೆ. ಸುಮ್ನೆ ಅಂಗಡಿ ಮುಂದೆ ನಿಲ್ಲುತ್ತಾರೆ. ಕಂಬಿ ಹಿಡಿಯುತ್ತಾರೆ. ಮಾತು ಕಡಿಮೆಯಾಗುತ್ತದೆ. ಆಗ "ನಂಗೆ ಸುಸ್ತಾಗ್ತಿದೆ, ಸ್ವಲ್ಪ ಕೂರೋಣ" ಎಂದು ನೀವೇ ಹೇಳಿ.

ಸಂಜೆ: ವಿಧಾನಸೌಧ, ಕಬ್ಬನ್ ಪಾರ್ಕ್

ಕಬ್ಬನ್ ಪಾರ್ಕ್‌ನಲ್ಲಿ ನೆರಳಿನ ಬೆಂಚು ಹುಡುಕಿ ಕೂರಿ. ಭಾನುವಾರ ಒಳಗೆ ವಾಹನ ಬಿಡುವುದಿಲ್ಲ, ಹಾರ್ನ್ ಕಾಟ ಇರುವುದಿಲ್ಲ. ಅಲ್ಲಿಂದ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಡೆ ಬಂದರೆ ಎದುರಿಗೇ ವಿಧಾನಸೌಧ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕಟ್ಟಲು ಶುರುವಾಗಿ 1956ರಲ್ಲಿ ಮುಗಿದದ್ದು. ಅಪ್ಪ ಅಮ್ಮನ ತಲೆಮಾರಿನವರ ಜೊತೆಜೊತೆಗೇ ಬೆಳೆದ ಕಟ್ಟಡ. "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಸಾಲನ್ನು ಅಪ್ಪ ಗಟ್ಟಿಯಾಗಿ ಓದಬಹುದು. ಭಾನುವಾರ ಕತ್ತಲಾದ ಮೇಲೆ ದೀಪ ಹಾಕುತ್ತಾರೆ. ತಡವಾಗದಿದ್ದರೆ ಕಾದು ನೋಡಿ.

ಫೋಟೊ ಇಲ್ಲೇ ತೆಗೆಯಿರಿ. ಇಬ್ಬರೂ ಒಟ್ಟಿಗೆ ನಿಂತ ಒಂದು, ಯಾರನ್ನಾದರೂ ಕೇಳಿ ನೀವೂ ಸೇರಿದ ಒಂದು. ಪ್ರಿಂಟ್ ಹಾಕಿಸಿ ಊರಿಗೆ ಕಳಿಸಿ.

ವಾಪಸ್

ವಾರದ ದಿನವಾದರೆ ಐದರೊಳಗೆ ಮೆಟ್ರೊ ಹತ್ತಿ ಅಥವಾ ಎಂಟು ಗಂಟೆಯ ನಂತರ ಹೊರಡಿ. ನಡುವಿನ ಹೊತ್ತು ಮೆಜೆಸ್ಟಿಕ್‌ನಲ್ಲಿ ಬದಲಿಸುವುದು ಅವರಿಗೆ ಕಷ್ಟ. ಕೊನೆಯ ನಿಲ್ದಾಣದಿಂದ ಮನೆಗೆ ಆಟೋ ಮಾಡಿ, ಹತ್ತಿರವೇ ಇದ್ದರೂ ನಡೆಸಬೇಡಿ. ಅದೇ ರಾತ್ರಿಯ ಬಸ್ಸಿಗೆ ಊರಿಗೆ ಹತ್ತಿಸಬೇಡಿ, ಒಂದು ರಾತ್ರಿ ಮಲಗಿ ಹೋಗಲಿ.

ಮಾರನೆಯ ದಿನಕ್ಕೆ ಏನೂ ಇಟ್ಟುಕೊಳ್ಳಬೇಡಿ. ಬನ್ನೇರುಘಟ್ಟ ಕೇಳಿದರೆ ಮುಂದಿನ ಸಲಕ್ಕೆ ಇಡಿ. ಅದಕ್ಕೇ ಒಂದು ಪೂರ್ತಿ ದಿನ ಬೇಕು, ಮಂಗಳವಾರ ಅಲ್ಲಿ ರಜೆ.