ಇಲ್ಲಿ ಹುಟ್ಟುವ ಮಗುವಿನ ಪೌರತ್ವ: ಹೊಸದಾಗಿ ಬಂದ ಕುಟುಂಬಗಳ ಗಮನಕ್ಕೆ

ಎಚ್-1ಬಿ, ಎಲ್-1 (ಉದ್ಯೋಗ) ಅಥವಾ ಎಫ್-1 (ವಿದ್ಯಾರ್ಥಿ) ವೀಸಾದ ಮೇಲೆ ಅಮೆರಿಕಕ್ಕೆ ಬಂದು ಇಲ್ಲಿಯೇ ಹೆರಿಗೆಯ ದಿನ ಎಣಿಸುತ್ತಿರುವ ದಂಪತಿಗಳು ನಮ್ಮ ಸಂಘವನ್ನು ಪದೇ ಪದೇ ಕೇಳುವುದು, ಹುಟ್ಟುವ ಮಗು ಈ ದೇಶದ ಪ್ರಜೆಯಾಗುತ್ತದೆಯೇ ಎಂದು. ಈ ಮಾರ್ಗದರ್ಶಿಯನ್ನು ಸಿದ್ಧಪಡಿಸಿದ 2025ರ ಡಿಸೆಂಬರ್ ಕೊನೆಯ ಹೊತ್ತಿಗೆ ಅದಕ್ಕೆ ಉತ್ತರ: ಆಗುತ್ತದೆ.

1868ರಲ್ಲಿ ಸಂವಿಧಾನಕ್ಕೆ ಸೇರಿದ 14ನೇ ತಿದ್ದುಪಡಿಯ ಪ್ರಕಾರ, ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರು ಅಲ್ಲಿನ ಪ್ರಜೆಗಳು. ಅಧ್ಯಕ್ಷ ಟ್ರಂಪ್ 2025ರ ಜನವರಿ 20ರಂದು ಹೊರಡಿಸಿದ ಆದೇಶವು, ತಾಯಿ ಅಕ್ರಮವಾಗಿ ಅಥವಾ ತಾತ್ಕಾಲಿಕ ವೀಸಾದ ಮೇಲೆ ಇಲ್ಲಿದ್ದು, ತಂದೆ ಅಮೆರಿಕದ ಪ್ರಜೆಯೂ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಪಡೆದವರೂ ಅಲ್ಲದಿದ್ದರೆ, ಮುಂದೆ ಹುಟ್ಟುವ ಅಂಥ ಮಗುವಿಗೆ ಪೌರತ್ವವಿಲ್ಲ ಎನ್ನುತ್ತದೆ. ಗ್ರೀನ್ ಕಾರ್ಡ್ ಸರದಿಯಲ್ಲಿ ವರ್ಷಗಟ್ಟಲೆ ನಿಂತು, ತೆರಿಗೆ ಕಟ್ಟಿ, ಮನೆ ಕೊಂಡವರೂ ಈ ಲೆಕ್ಕದಲ್ಲಿ ತಾತ್ಕಾಲಿಕರೇ ಆಗಿಬಿಡುತ್ತಾರೆ.

ವಾದವೆಲ್ಲ ನಿಂತಿರುವುದು ‘ಅಧಿಕಾರ ವ್ಯಾಪ್ತಿ’ ಎಂಬ ಮಾತಿನ ಮೇಲೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅಮೆರಿಕದ ಪ್ರಜೆಯೇ ಎಂದು ಸುಪ್ರೀಂ ಕೋರ್ಟ್ 1898ರಲ್ಲಿ ತೀರ್ಪು ನೀಡಿತು. ಆತನ ತಂದೆತಾಯಿ ಇಲ್ಲಿಯೇ ನೆಲೆ ನಿಂತವರಾಗಿದ್ದರು, ವೀಸಾದವರು ಹಾಗಲ್ಲ ಎಂಬುದು ಈಗಿನ ಸರ್ಕಾರದ ವಾದ. ಇಲ್ಲಿನ ಕಾನೂನಿಗೆ ತಲೆಬಾಗಿ ಬಾಳುವವರೆಲ್ಲರೂ ಅದರ ವ್ಯಾಪ್ತಿಯಲ್ಲಿದ್ದಾರೆ, ರಾಯಭಾರಿಗಳ ಮಕ್ಕಳಂಥ ಕೆಲವರು ಮಾತ್ರ ಹೊರಗೆ ಎಂಬುದು ಎದುರಾಳಿಗಳ ವಾದ. ನಮಗೆ ಇದೇ ಬಲವಾದದ್ದೆಂದು ತೋರುತ್ತದೆ. ಕೆಳಗಿನ ನ್ಯಾಯಾಲಯಗಳ ತಡೆಯಿಂದಾಗಿ 2025ರ ಕೊನೆಯವರೆಗೆ ಆದೇಶ ಜಾರಿಗೆ ಬಂದಿರಲಿಲ್ಲ, ಮತ್ತು ಆ ವರ್ಷದ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು.

ಆದೇಶ ಹೊರಬಿದ್ದ ದಿನಗಳಲ್ಲಿ, ಅದು ಜಾರಿಗೆ ಬರುವ ಮುನ್ನವೇ ಮಗು ಹುಟ್ಟಲೆಂದು, ದಿನ ತುಂಬುವ ಮೊದಲೇ ಸಿಸೇರಿಯನ್ ಮಾಡುವಿರಾ ಎಂದು ವೈದ್ಯರನ್ನು ಕೇಳಿದ ದಂಪತಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ದಯವಿಟ್ಟು ಆ ಯೋಚನೆಯನ್ನೇ ಮಾಡಬೇಡಿ. ತಾಯಿ ಮತ್ತು ಕೂಸಿನ ಆರೋಗ್ಯಕ್ಕಿಂತ ಯಾವ ಪಾಸ್‌ಪೋರ್ಟೂ ದೊಡ್ಡದಲ್ಲ.

ನಿಮ್ಮ ಕೈಯಲ್ಲಿರುವುದು ಕಾಗದಪತ್ರ. ಹೆರಿಗೆಯಾದ ಮೇಲೆ ಆಸ್ಪತ್ರೆಯವರು ಜನನ ಪ್ರಮಾಣಪತ್ರಕ್ಕಾಗಿ ಒಂದು ಹಾಳೆಯನ್ನು ಹಾಸಿಗೆಯ ಬಳಿಗೇ ತಂದು ಕೊಡುತ್ತಾರೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಅದನ್ನು ತುಂಬುವಾಗಲೇ ನಮ್ಮವರು ಎಡವುವುದು. ಊರಿನ ಹೆಸರು, ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು ಎಂಬ ನಮ್ಮ ಪದ್ಧತಿ ಆ ಹಾಳೆಯ ಚೌಕಗಳಿಗೆ ಒಗ್ಗುವುದಿಲ್ಲ. ಎಷ್ಟೋ ಜನರ ಭಾರತೀಯ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯೇ ಇರುತ್ತದೆ. ಆದ್ದರಿಂದ ಮಗುವಿನ ಹೆಸರನ್ನು ಮೊದಲೇ ನಿಶ್ಚಯಿಸಿ, ಇಬ್ಬರ ಹೆಸರನ್ನೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರ ಬಿಡದೆ ಬರೆದ ಚೀಟಿಯನ್ನು ಆಸ್ಪತ್ರೆಯ ಚೀಲದಲ್ಲಿಟ್ಟುಕೊಳ್ಳಿ. ಮಗುವಿಗೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕೇ ಎಂದು ಅಲ್ಲಿಯೇ ಕೇಳುತ್ತಾರೆ. ಹೌದೆಂದು ಗುರುತು ಹಾಕಿ.

ಜನನ ಪ್ರಮಾಣಪತ್ರದ ಎರಡು-ಮೂರು ದೃಢೀಕೃತ ಪ್ರತಿಗಳನ್ನು ತರಿಸಿಕೊಂಡು, ತಡ ಮಾಡದೆ ಅಮೆರಿಕದ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಸಾಮಾನ್ಯವಾಗಿ ತಂದೆತಾಯಿ ಇಬ್ಬರೂ ಮಗುವಿನೊಡನೆ ಹೋಗಬೇಕು. ಹೆರಿಗೆಯ ಸಮಯದಲ್ಲಿ ಚಾಲ್ತಿಯಲ್ಲಿದ್ದ ನಿಮ್ಮ ಐ-94 (ದೇಶ ಪ್ರವೇಶದ ದಾಖಲೆ) ಮತ್ತು ಐ-797 (ವಲಸೆ ಇಲಾಖೆಯ ಅನುಮೋದನೆ ಪತ್ರ) ಪ್ರತಿಗಳನ್ನು ಜೋಪಾನವಾಗಿಡಿ.

ಭಾರತವು ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ, ಅಮೆರಿಕದ ಪಾಸ್‌ಪೋರ್ಟ್ ಪಡೆದ ಮಗುವಿಗೆ ಅಜ್ಜಿಯ ಮನೆಗೆ ಹೋಗಲೂ ವೀಸಾ ಅಥವಾ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಬೇಕಾಗುತ್ತದೆ. ಟಿಕೆಟ್ ಕಾದಿರಿಸುವ ಮೊದಲು ಅದಕ್ಕೆ ಸಮಯ ಬಿಟ್ಟುಕೊಳ್ಳಿ. ಮುಂದೆ ತೀರ್ಪು ವ್ಯತಿರಿಕ್ತವಾಗಿ ಬಂದು ಮಗುವಿಗೆ ಇಲ್ಲಿನ ಪೌರತ್ವ ಸಿಗದ ಪರಿಸ್ಥಿತಿ ಎದುರಾದರೆ, ಭಾರತೀಯ ತಂದೆತಾಯಿಯ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಿ ಭಾರತೀಯ ಪೌರತ್ವ ಪಡೆಯಲು ನಮ್ಮ ಕಾಯ್ದೆಯಲ್ಲಿ ಅವಕಾಶವಿದೆ.