ಹೈಸ್ಕೂಲಿನಲ್ಲಿ ಲೈಂಗಿಕ ಸೋಂಕಿನ ತಪಾಸಣೆ: ಮಕ್ಕಳ ಮಾನ ಹೋಗದಂತೆ ಮಾಡುವುದು ಹೇಗೆ

ನಾನು ಗಂಗಾವತಿ ಕಡೆ ಹೈಸ್ಕೂಲು ಟೀಚರ್. ಕೆಲವು ವರ್ಷದ ಹಿಂದೆ, ಆಗ ನಾನಿದ್ದ ಶಾಲೆಯಲ್ಲಿ ಹುಡುಗಿಯರಿಗೆ ಆರೋಗ್ಯ ತಪಾಸಣೆ ಇಟ್ಟಿದ್ದರು. ವರಾಂಡದಲ್ಲೇ ಟೇಬಲ್ಲು. ಪಟ್ಟಿ ಹಿಡಿದು ಕೂತವರು ಜೋರಾಗಿ, "ಬಿಳಿ ಸೆರಗು ಹೋಗೋರು ಯಾರ್ಯಾರಮ್ಮಾ, ಈ ಕಡೆ ನಿಲ್ರಿ" ಅಂದರು. ಮೂವರು ಎದ್ದು ನಿಂತರು. ಎದುರು ಕಿಟಕಿಯಲ್ಲಿ ಹತ್ತನೇ ಕ್ಲಾಸಿನ ಹುಡುಗರು. ಮಾರನೇ ದಿನದಿಂದ ಅವರಲ್ಲಿ ಒಬ್ಬಳು ಶಾಲೆಗೆ ಬರಲಿಲ್ಲ. ಮನೆ ಹುಡುಕಿಕೊಂಡು ಹೋದೆ. ಬಾಗಿಲಿಗೆ ಬಂದಳು, ನನ್ನ ಮುಖ ನೋಡಿದಳು, ಮಾತಾಡದೆ ಒಳಗೆ ಹೋದಳು. ಅವಳಿಗಿದ್ದದ್ದು ಬರೀ ಫಂಗಸ್ ತುರಿಕೆ, ಕೆಲವೇ ದಿನದ ಔಷಧಿಗೆ ಹೋಗುವಂಥದ್ದು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಯಾವ ಮಗುವಿಗೆ ಏನಿದೆ ಅಂತ ಹೊರಗೆ ನಿಂತವರಿಗೆ ಗೊತ್ತಾಗದಂತೆ ನೋಡಿಕೊಳ್ಳಲು ಆಗಲ್ಲ ಅಂದರೆ, ಆ ದಿನ ತಪಾಸಣೆಯೇ ಬೇಡ.

ನಮ್ಮ ಶಾಲೆಗಳಲ್ಲಿ ಲೈಂಗಿಕ ಸೋಂಕುಗಳ ಪರೀಕ್ಷೆಯನ್ನೇ ಮಾಡುವ ಪದ್ಧತಿ ಇಲ್ಲ, ಅದನ್ನು ನೀವು ಶುರುಮಾಡಲೂ ಹೋಗಬೇಡಿ. ರಕ್ತ, ಮೂತ್ರ, ಔಷಧಿ ಎಲ್ಲ ಆಸ್ಪತ್ರೆಯ ಕೆಲಸ. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಇದೆ, ಲೈಂಗಿಕ ಸೋಂಕಿಗೆ ಸುರಕ್ಷಾ ಕ್ಲಿನಿಕ್, ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ ಕೇಂದ್ರ, ಮೂರೂ ಉಚಿತ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಇದೆ. ಶಾಲೆ ಮಾಡಬೇಕಾದದ್ದು ಎರಡೇ: ತೊಂದರೆ ಇರುವ ಮಗು ಬಾಯಿ ಬಿಡುವಂತೆ ಮಾಡುವುದು, ಆಮೇಲೆ ಅದನ್ನು ಅಲ್ಲಿಗೆ ಮುಟ್ಟಿಸುವುದು.

ಬಾಯಿ ಬಿಡುವಂತೆ ಮಾಡೋದು ಹೇಗೆ? ಅಮೆರಿಕದ ಫಿಲಡೆಲ್ಫಿಯಾ ನಗರದ ಸರ್ಕಾರಿ ಹೈಸ್ಕೂಲುಗಳಲ್ಲಿ 2003ರಲ್ಲಿ ಕ್ಲಮೈಡಿಯಾ, ಗೊನೋರಿಯಾ ಅನ್ನುವ ಲೈಂಗಿಕ ಸೋಂಕುಗಳಿಗೆ ಮೂತ್ರ ಪರೀಕ್ಷೆ ಶುರುಮಾಡಿದರು. ಮೊದಲು ಪಾಠ, ಆಮೇಲೆ ಎಲ್ಲರ ಕೈಗೂ ಒಂದೊಂದು ಕಾಗದದ ಚೀಲ, ಅದರೊಳಗೆ ಡಬ್ಬಿ. ಎಲ್ಲರೂ ಬಾತ್‌ರೂಮಿಗೆ ಹೋಗಿ ಬರಬೇಕು. ಪರೀಕ್ಷೆ ಬೇಕಾದವರು ತುಂಬಿಸಿ ತರುತ್ತಾರೆ, ಬೇಡದವರು ಖಾಲಿ ತರುತ್ತಾರೆ, ಹೊರಗಿಂದ ನೋಡಿದರೆ ಎಲ್ಲ ಚೀಲವೂ ಒಂದೇ. ಡಬ್ಬಿ ನಮಗೆ ಬೇಡ, ಆದರೆ ಆ ಉಪಾಯ ಬೇಕು. ನಾವು ಒಂದು ಚೀಟಿ ಮಾಡಿಕೊಂಡೆವು. ಎಲ್ಲರಿಗೂ ಅದೇ ಚೀಟಿ, ಅದೇ ಕವರು, ಹೆಸರಿಲ್ಲ, ರೋಲ್ ನಂಬರ್ ಮಾತ್ರ. ಹಲ್ಲು ನೋವು, ಕಣ್ಣು ಮಂಜು, ಸುಸ್ತು, ಮುಟ್ಟಿನ ತೊಂದರೆ ಇವುಗಳ ಜೊತೆಗೇ ಒಂದಕ್ಕೆ ಹೋದಾಗ ಉರಿ, ತುರಿಕೆ, ಹುಣ್ಣು, ಕೀವು, ವಾಸನೆ, ಕಿಬ್ಬೊಟ್ಟೆ ನೋವು. ಕೊನೆಗೆ "ಒಬ್ಬರೇ ಮಾತಾಡಬೇಕು" ಅಂತ ಒಂದು ಚೌಕ. ಬರೀ ಟಿಕ್ ಇಟ್ಟರೆ ಯಾರ ಪೆನ್ನು ಜಾಸ್ತಿ ಹೊತ್ತು ಓಡಿತು ಅಂತ ಪಕ್ಕದವರು ನೋಡುತ್ತಾರೆ. ಅದಕ್ಕೇ "ನಿನ್ನೆ ಏನೇನು ಊಟ ಮಾಡಿದೆ, ಎರಡು ಸಾಲು ಬರೆ" ಅಂತ ಸೇರಿಸಿದೆವು, ಎಲ್ಲರ ಪೆನ್ನೂ ಓಡಿತು. ಕವರು ಅಂಟಿಸಿ ಸೀದಾ ಆಪ್ತಸಮಾಲೋಚಕರ ಕೈಗೆ. ಕ್ಲಾಸ್ ಟೀಚರ್ ಆಗಲಿ, ಮುಖ್ಯಗುರುಗಳಾಗಲಿ ಒಡೆಯಬಾರದು.

ಆಮೇಲೆ ಚೌಕ ತುಂಬಿದವರನ್ನು ಮಾತ್ರ ಕರೆದರೆ ಎಲ್ಲ ಮಣ್ಣುಪಾಲು. ಎಲ್ಲರನ್ನೂ ರೋಲ್ ನಂಬರ್ ಪ್ರಕಾರ ಐದೈದು ನಿಮಿಷ ಆಪ್ತಸಮಾಲೋಚಕರ ಹತ್ತಿರ ಒಳಗೆ ಕಳಿಸಿ. ಎರಡು ಬಾಗಿಲಿರುವ ಕೋಣೆ ಸಿಕ್ಕರೆ ಒಳ್ಳೇದು, ಒಂದರಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ, ಅತ್ತು ಕಣ್ಣು ಕೆಂಪಾದ ಮಗು ಸಾಲಿನಲ್ಲಿ ನಿಂತವರ ಮುಂದೆ ಹಾದುಹೋಗಬೇಕಾಗಲ್ಲ. ಕಿಟಕಿಗೆ ಬೆಡ್‌ಶೀಟ್ ಕಟ್ಟಿ. ಹುಡುಗಿಯರಿಗೆ ಮೇಡಂ, ಹುಡುಗರಿಗೆ ಸರ್ ಇರಲಿ. ಹುಡುಗರನ್ನು ಮರೆಯಲೇಬೇಡಿ, ಅವರ ಹತ್ತಿರ ಇದನ್ನು ಯಾರೂ ಕೇಳುವುದೇ ಇಲ್ಲ. ನಾಟಿ ಸಮಯ ಬಿಟ್ಟು ದಿನ ನೋಡಿ, ಆಗ ದೊಡ್ಡ ಮಕ್ಕಳೆಲ್ಲ ಗದ್ದೆಯಲ್ಲಿರುತ್ತಾರೆ.

ಮನೆಗೆ ಕಳಿಸುವ ಪತ್ರದಲ್ಲಿ ವಿಷಯ ಮುಚ್ಚಿಡಬೇಡಿ. "ಹದಿಹರೆಯದ ಆರೋಗ್ಯ ತಪಾಸಣೆ" ಅಂತ ತಲೆಬರಹ ಇರಲಿ, ಒಳಗೆ ಲೈಂಗಿಕ ಸೋಂಕು ಅಂತಲೂ ಬರೆಯಿರಿ. ಓದಲು ಬಾರದ ತಾಯಂದಿರನ್ನು ಅಂಗನವಾಡಿಯಲ್ಲಿ ಕೂರಿಸಿ ಆಶಾ ಅಕ್ಕನ ಜೊತೆ ಓದಿ ಹೇಳಿ. ಆಮೇಲೆ ಗೊತ್ತಾದರೆ ಊರೇ ಶಾಲೆಯ ಮೇಲೆ ಬೀಳುತ್ತೆ, ಅಲ್ವಾ. 18 ತುಂಬದವರ ಎಚ್‌ಐವಿ ಪರೀಕ್ಷೆಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು. ಒಪ್ಪಿಗೆ ಇಲ್ಲದೆ ಪರೀಕ್ಷೆ ಬೇಡ, ಗುಟ್ಟು ಬಿಡಬೇಡಿ ಅಂತ 2017ರ ಎಚ್‌ಐವಿ ಕಾಯ್ದೆಯೂ ಹೇಳುತ್ತೆ. ನಿಮ್ಮ ಕ್ಲಾಸಿನಲ್ಲಿ ಹುಟ್ಟಿನಿಂದಲೇ ಎಚ್‌ಐವಿ ಇದ್ದು ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ದಿನಾ ತಗೊಳ್ಳುವ ಮಗುವೂ ಇರಬಹುದು. "ತಪ್ಪು ಮಾಡಿದವರಿಗೆ ಬರುವ ರೋಗ" ಅಂತ ನೀವು ಪಾಠದಲ್ಲಿ ಅಂದರೆ ಆ ಮಗು ಅದನ್ನು ಕೇಳಿಸಿಕೊಳ್ಳುತ್ತೆ.

ಈಗ ಕಷ್ಟದ ಮಾತು. 18ರೊಳಗಿನವರ ಜೊತೆ ಲೈಂಗಿಕ ಸಂಬಂಧ 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಮಗು ಒಪ್ಪಿತ್ತು ಅನ್ನೋದು ಲೆಕ್ಕಕ್ಕಿಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅವರಿಗೂ ಶಿಕ್ಷೆ. ಹಾಗಾಗಿ ಮಗುವಿಗೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ನಾನು ಹೀಗೆ ಶುರುಮಾಡುತ್ತೇನೆ: "ನೀನು ಹೇಳಿದ್ದು ಕ್ಲಾಸಿಗೂ ಹೋಗಲ್ಲ, ಊರಿಗೂ ಹೋಗಲ್ಲ. ಆದರೆ ಯಾರೋ ನಿನ್ನನ್ನು ಮುಟ್ಟಿದ್ದಾರೆ ಅಂತ ಗೊತ್ತಾದರೆ ನಾನು ಸುಮ್ನೆ ಇರೋಕೆ ಬರಲ್ಲ, ಯಾರಿಗೆ ಹೇಳಬೇಕೋ ನಿನಗೆ ತಿಳಿಸಿಯೇ ಹೇಳುತ್ತೇನೆ." ಮಗು ಹೇಳಿದ್ದನ್ನು ಅದರದೇ ಮಾತಲ್ಲಿ ಬರೆದಿಡಿ. ನಾಲ್ಕು ಜನ ಸೇರಿ ಮತ್ತೆ ಮತ್ತೆ ಕೇಳಿ ಹಿಂಸೆ ಕೊಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದೌರ್ಜನ್ಯ ಆಗಿ 72 ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಎಚ್‌ಐವಿ ತಡೆಯುವ ಮಾತ್ರೆ ಶುರುಮಾಡಬಹುದು, ಗಂಟೆ ಗಂಟೆಯೂ ಮುಖ್ಯ. ಎಫ್‌ಐಆರ್ ಆಗಿಲ್ಲ ಅಂತ ಆಸ್ಪತ್ರೆಯವರು ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಇಷ್ಟು ಓದಿ ಉರಿ ಅಂದವರನ್ನೆಲ್ಲ ಅನುಮಾನದಿಂದ ನೋಡಬೇಡಿ. ಶಾಲೆಯ ಟಾಯ್ಲೆಟ್ಟಿಗೆ ಚಿಲಕ ಇಲ್ಲ, ನೀರಿಲ್ಲ ಅಂತ ಎಷ್ಟೋ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೂ ಕುಡಿಯಲ್ಲ, ಒಂದಕ್ಕೂ ಹೋಗಲ್ಲ. ಉರಿ ಬರದೆ ಇನ್ನೇನು? ಮುಟ್ಟಿಗೆ ಮುಂಚೆ ಸ್ವಲ್ಪ ಬಿಳಿ ಹೋಗುವುದೂ ಸಹಜ. ಇನ್ನೊಂದು ಕಡೆ, ಕ್ಲಮೈಡಿಯಾ ಹತ್ತಿದ ಬಹಳ ಹುಡುಗಿಯರಿಗೆ ಏನೂ ಗೊತ್ತೇ ಆಗಲ್ಲ, ಹಾಗೇ ಬಿಟ್ಟರೆ ಗರ್ಭನಾಳಕ್ಕೆ ಪೆಟ್ಟಾಗಿ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಅದಕ್ಕೇ ಲಕ್ಷಣ ಇಲ್ಲದಿದ್ದರೂ ಮಾತಾಡಬೇಕು ಅಂದವರನ್ನು ಕಳಿಸಲೇಬೇಕು. ಮೂತ್ರ ಪರೀಕ್ಷೆ ಇದೆ ಅಂದರೆ ಕನಿಷ್ಠ ಒಂದು ಗಂಟೆ ತಡೆದುಕೊಂಡು, ಮೊದಲು ಬರುವ ಮೂತ್ರವನ್ನೇ ಹಿಡಿಯಬೇಕು ಅಂತ ಮುಂಚೆಯೇ ಹೇಳಿ. ಎಚ್‌ಐವಿ ಸೋಂಕು ಮರುದಿನವೇ ಪರೀಕ್ಷೆಯಲ್ಲಿ ಕಾಣಲ್ಲ, 3 ತಿಂಗಳಿಗೆ ಮತ್ತೆ ಮಾಡಿಸಲು ಹೇಳುತ್ತಾರೆ.

ಆಸ್ಪತ್ರೆಗೆ ಒಬ್ಬಳನ್ನೇ ಕರೆದೊಯ್ದರೆ ಬಸ್‌ಸ್ಟ್ಯಾಂಡಿನಲ್ಲೇ ಸುದ್ದಿ ಹಬ್ಬುತ್ತೆ. ಕನ್ನಡಕ ಬೇಕಾದವರು, ಹಲ್ಲು ತೋರಿಸಬೇಕಾದವರು, ರಕ್ತ ಕಡಿಮೆ ಇರುವವರು, ಐದಾರು ಜನರ ಜೊತೆ ಆ ಮಗುವನ್ನೂ ಕರೆದೊಯ್ಯಿರಿ. ಪೋಷಕರು ಜೊತೆಗಿರಲಿ, ಆಗದಿದ್ದರೆ ಅವರ ಸಹಿ. ಮಾತ್ರೆ ಪೂರ್ತಿ ನುಂಗಿದಳಾ ಅಂತ ಕೇಳುವುದು ಕಾರಿಡಾರಿನಲ್ಲಲ್ಲ.

ರಿಪೋರ್ಟನ್ನು ಫೋನಿನಲ್ಲಿ ಹೇಳಿಸಬೇಡಿ, ವಾಟ್ಸಾಪ್ ಅಂತೂ ಬೇಡವೇ ಬೇಡ. ಮನೆಯಲ್ಲಿ ಇರುವುದು ಒಂದೇ ಫೋನು, ಅದು ಇರುವುದು ಅಣ್ಣನ ಜೇಬಿನಲ್ಲಿ. ಮಗು ಮತ್ತೆ ಕ್ಲಿನಿಕ್ಕಿಗೇ ಹೋಗಿ ಎದುರಿಗೆ ಕೇಳಿಸಿಕೊಳ್ಳಲಿ. ಆ ದಿನದ ಬಸ್ ಚಾರ್ಜನ್ನೂ ಮೊದಲೇ ತೆಗೆದಿಡಿ.